ಮೊದಲು ಕುರ್ಚಿ, ಆಮೇಲೆ ಟಿಕೆಟ್

ಸಿಂಗಪುರದಲ್ಲಿ ಅಕ್ಕನಿಗೆ ಮಗು ಹುಟ್ಟಿದ ದಿನ ಅಪ್ಪ ಮೈಸೂರಲ್ಲಿ ಡಯಾಲಿಸಿಸ್ ಕುರ್ಚಿ ಮೇಲಿದ್ರು. ವಿಡಿಯೋ ಕಾಲ್‌ನಲ್ಲೇ ಮೊಮ್ಮಗಳನ್ನ ನೋಡಿ ನಕ್ಕರು. ಕಾಲ್ ಮುಗಿದ ಮೇಲೆ, "ಹೋಗಿ ಎತ್ತಿಕೊಳ್ಳೋ ಯೋಗ ನಂಗೆಲ್ಲಿದೆ ಬಿಡೋ. ವಾರಕ್ಕೆ ಮೂರು ದಿನ ಗೂಟಕ್ಕೆ ಕಟ್ಟಿದ ದನ ನಾನು" ಅಂದ್ರು.

ಆ ಮಾತು ತಡೆಯಲಾಗಲಿಲ್ಲ. ಅವತ್ತು ರಾತ್ರಿನೇ ಆಫರ್ ನೋಡಿ ಎರಡು ಟಿಕೆಟ್ ಬುಕ್ ಮಾಡಿಬಿಟ್ಟೆ. ತಪ್ಪು ಮಾಡಿದ್ದು ಅಲ್ಲೇ.

ಅಕ್ಕನ ಮನೆ ಹತ್ತಿರದ ಡಯಾಲಿಸಿಸ್ ಸೆಂಟರ್‌ಗೆ ಫೋನ್ ಮಾಡಿದ್ರೆ, ಆ ವಾರ ಕುರ್ಚಿ ಖಾಲಿ ಇಲ್ಲ. ಅಪ್ಪನ ಹೆಪಟೈಟಿಸ್ ರಿಪೋರ್ಟೂ ಹಳೆಯದಾಗಿತ್ತು. "ಒಂದು ಸಲ ತಪ್ಪಿದ್ರೆ ಏನಾಗತ್ತೆ ಡಾಕ್ಟ್ರೇ?" ಅಂತ ಕೇಳಿದೆ. ಅವರು ನನ್ನನ್ನ ಕೂರಿಸಿ ವಿವರಿಸಿದ್ರು. ಎರಡು ವರ್ಷ ಅಪ್ಪನನ್ನ ಬಿಟ್ಟು, ಕರ್ಕೊಂಡು ಬಂದಿದ್ದೆ ಅಷ್ಟೇ. ಒಳಗೆ ಏನು ನಡೆಯುತ್ತೆ ಅಂತ ತಿಳಿದುಕೊಂಡಿರಲಿಲ್ಲ.

ಕಿಡ್ನಿ ಹಗಲೂ ರಾತ್ರಿ ಕೆಲಸ ಮಾಡುತ್ತೆ. ಮಷೀನ್‌ಗೆ ಸಿಗೋದು ವಾರಕ್ಕೆ 12 ಗಂಟೆ, ಅಂದ್ರೆ ನಾಲ್ಕು ಗಂಟೆಯಂತೆ ಮೂರು ಸಲ. ಕೈಯಲ್ಲಿ ಅಪಧಮನಿ, ಅಭಿಧಮನಿ ಎರಡನ್ನೂ ಸಣ್ಣ ಆಪರೇಷನ್ ಮಾಡಿ ಸೇರಿಸಿರ್ತಾರೆ, ಅದೇ ಫಿಸ್ಟುಲಾ. ಅಲ್ಲಿ ಎರಡು ಸೂಜಿ. ಒಂದರಿಂದ ಹೊರಬಂದ ರಕ್ತ, ಡಯಲೈಸರ್ ಅನ್ನೋ ಕೊಳವೆಯೊಳಗಿನ ಸಾವಿರಾರು ಸಣ್ಣ ನಳಿಕೆಗಳಲ್ಲಿ ಹರಿಯುತ್ತೆ. ಕಲ್ಮಶ, ಹೆಚ್ಚಾದ ಪೊಟ್ಯಾಶಿಯಂ, ನೀರು ಅಲ್ಲೇ ಹೊರಹೋಗಿ, ಶುದ್ಧವಾದ ರಕ್ತ ಇನ್ನೊಂದು ಸೂಜಿಯಿಂದ ಒಳಗೆ ಬರುತ್ತೆ. ಹೆಚ್ಚುವರಿ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕವೇ ಡ್ರೈ ವೇಟ್. ಒಂದು ಸರದಿ ತಪ್ಪಿದ್ರೆ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳಬಹುದು. ಪೊಟ್ಯಾಶಿಯಂ ಏರಿದ್ರೆ ಹೃದಯವೇ ನಿಲ್ಲಬಹುದು.

ಟಿಕೆಟ್ ಕ್ಯಾನ್ಸಲ್ ಮಾಡಿದೆ. ಅರ್ಧ ದುಡ್ಡು ಹೋಯ್ತು. ಆಮೇಲೆ ಸರಿಯಾದ ಕ್ರಮದಲ್ಲಿ ಶುರು ಮಾಡಿದ್ವಿ. ನಿಮ್ಮ ಮನೆಯಲ್ಲೂ ಯಾರಾದ್ರೂ ಹೀಗೆ ಹೊರಡೋದಿದ್ರೆ ಇದು ನೆನಪಿರಲಿ:

* ಮೊದಲು ನೆಫ್ರಾಲಜಿಸ್ಟ್ ಒಪ್ಪಿಗೆ. ಎಲ್ಲರ ದೇಹಸ್ಥಿತಿಯೂ ಪ್ರಯಾಣ ತಡೆಯೋ ಹಾಗಿರಲ್ಲ.
* ಹೋಗೋ ಊರಲ್ಲಿ ಕುರ್ಚಿ ಬುಕ್ಕಿಂಗ್. ಎರಡು ತಿಂಗಳು ಮುಂಚೆ ಕೇಳೋದು ಒಳ್ಳೇದು. ದಿನ, ಸಮಯ, ಒಂದು ಸಲದ ಖರ್ಚು, ಅದರಲ್ಲಿ ಡಾಕ್ಟರ್ ಫೀಸು, ಔಷಧಿ ಸೇರಿದೆಯಾ ಅನ್ನೋದು ಎಲ್ಲ ಇಮೇಲ್‌ನಲ್ಲಿ ಬರಲಿ.
* ಕಾಗದಪತ್ರ: ಡಯಾಲಿಸಿಸ್ ಪ್ರಿಸ್ಕ್ರಿಪ್ಷನ್, ಡ್ರೈ ವೇಟ್, ಹೆಪಾರಿನ್ ಡೋಸ್, ಅಲರ್ಜಿ, ಇತ್ತೀಚಿನ ಸೆಶನ್‌ಗಳ ದಾಖಲೆ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟ್. ರಿಪೋರ್ಟ್ ಎಷ್ಟು ದಿನದೊಳಗಿನದು ಬೇಕು ಅಂತ ಆ ಸೆಂಟರನ್ನೇ ಕೇಳಿ.
* ಇನ್ಶೂರೆನ್ಸ್ ನಂಬಿ ಕೂರಬೇಡಿ. ಮೊದಲೇ ಇರೋ ಕಾಯಿಲೆಯನ್ನ ಟ್ರಾವೆಲ್ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡ್ತವೆ. ನಾವು ಕೈಯಿಂದಲೇ ಕಟ್ಟಿದ್ವಿ.
* ಇವೆಲ್ಲ ಆದಮೇಲೆ ಟಿಕೆಟ್.

ಅಪ್ಪನ ಸರದಿ ಸೋಮವಾರ, ಬುಧವಾರ, ಶುಕ್ರವಾರ. ಶುಕ್ರವಾರ ಇಲ್ಲಿ ಮುಗಿಸಿ, ಶನಿವಾರ ಬೆಂಗಳೂರಿಂದ ನಾಲ್ಕೂವರೆ ಗಂಟೆಯ ನೇರ ವಿಮಾನ. ಸೋಮವಾರ ಅಲ್ಲಿನ ಕುರ್ಚಿ. ಎರಡು ವಾರಕ್ಕೆ ಆರು ಸಲ, ಒಂದೂ ತಪ್ಪಲಿಲ್ಲ. ಔಷಧಿಯೆಲ್ಲ ಕೈಚೀಲದಲ್ಲೇ ಇಟ್ಟುಕೊಂಡ್ವಿ. ಫಿಸ್ಟುಲಾ ಇರೋ ಕೈಗೆ ಬ್ಯಾಗೂ ಇಲ್ಲ, ಬಿಪಿ ಪಟ್ಟಿಯೂ ಇಲ್ಲ. ಕಷ್ಟ ಆಗಿದ್ದು ಬಾಯಾರಿಕೆ. ಆ ಸೆಕೆಯಲ್ಲಿ ಎಳನೀರು ಕಂಡಲ್ಲೆಲ್ಲ ಅಪ್ಪ ಮುಖ ತಿರುಗಿಸ್ತಿದ್ರು. ಪೊಟ್ಯಾಶಿಯಂ ಜಾಸ್ತಿ ಅಂತ ಅದು ಅವರಿಗೆ ವರ್ಜ್ಯ. ವಾಪಸ್ ಬಂದ ಮೇಲೆ ನಮ್ಮ ಸೆಂಟರ್‌ನವರು ಮತ್ತೆ ರಕ್ತ ಪರೀಕ್ಷೆ ಮಾಡಿಸಿದ್ರು. ಸೋಂಕು ಹರಡದಿರಲಿ ಅನ್ನೋ ಎಚ್ಚರಿಕೆ ಅದು.

ಡಯಾಲಿಸಿಸ್‌ಗೆ ಮುಂಚೆ ಮತ್ತು ಆಮೇಲೆ ಎಷ್ಟು ತೂಕ ಅಂತ ಅಪ್ಪ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡ್ತಾರೆ. ಮೊನ್ನೆ ಲೆಕ್ಕ ನೋಡೋಕೆ ತೆಗೆದೆ. ಸಿಂಗಪುರದ ಮೊದಲ ಸೋಮವಾರದ ಸಾಲಿನಲ್ಲಿ ಎರಡರ ಬದಲು ಮೂರು ಅಂಕಿ ಇದ್ವು. ಅಪ್ಪನ ಮುಂಚಿನ ತೂಕ, ಆಮೇಲಿನ ತೂಕ. ಪಕ್ಕದಲ್ಲಿ, "ಪುಟ್ಟಿ: 5.4 ಕೆಜಿ. ನಾನೇ ಎತ್ತಿಕೊಂಡೆ."