ಟಿಕಿ ಕೆತ್ತೋ ಮುಂಚೆ, ಅದು ಯಾರ ಮುಖ ಅಂತ ಒಂದ್ಸಲ ಕೇಳಿ

(1/7)
ಹೋದ ವಾರದ ಚಮಚ, ಗುಬ್ಬಿ ಫೋಟೋಗಳಿಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಟಿಕಿ ಯಾವಾಗ ಕೆತ್ತೋದು?"

ಕೇಳೋದು ಸಹಜ. ಮರ ಕೆತ್ತನೆ ಅಂತ ಹುಡುಕಿದ್ರೆ ಎದುರಿಗೆ ಬರೋದೇ ಆ ಮುಖ. ದಪ್ಪ ಹುಬ್ಬು, ಗುಂಡು ಕಣ್ಣು, ಸಾಲಾಗಿ ಹಲ್ಲು ಕಾಣೋ ಅಗಲ ಬಾಯಿ, ತಲೆ ಮೇಲೆ ಉದ್ದುದ್ದ ಗೆರೆ. ಬೆರಳುದ್ದದ ಕೀಚೈನ್‌ನಿಂದ ಹಿಡಿದು ಅಮೆರಿಕದವರು ಹಿತ್ತಲಲ್ಲಿ ನಿಲ್ಲಿಸೋ ತಾಳೆ ಕಂಬದವರೆಗೂ ಅದೇ.

ಕೆತ್ತೋದನ್ನ ಕಲಿಯೋರಿಗೆ ಟಿಕಿ ಒಳ್ಳೆ ಪಾಠ ಅನ್ನೋದನ್ನ ನಾನು ಒಪ್ತೀನಿ. ಗೆರೆಗಳೆಲ್ಲ ನೇರ, ಇಲ್ಲಾಂದ್ರೆ ದೊಡ್ಡ ದೊಡ್ಡ ತಿರುವು. ಸಣ್ಣ ಚಾಕು ಒಂದೇ ಸಾಕು. ಒಂದು ಕಣ್ಣು ಸ್ವಲ್ಪ ಮೇಲೆ ಹೋದ್ರೂ "ಅದು ಇರೋದೇ ಹಂಗೆ" ಅಂತ ಜಾರಿಕೊಳ್ಳಬಹುದು. ಗಾಂಧೀಜಿ ಮುಖ ಕೆತ್ತಿ ಮೂಗು ಸೊಟ್ಟಗಾದ್ರೆ ಇಡೀ ಹಾಸ್ಟೆಲ್ ನಗುತ್ತೆ. ಟಿಕಿ ಮೂಗು ಸೊಟ್ಟಗಾದ್ರೆ ಯಾರಿಗೂ ಗೊತ್ತಾಗಲ್ಲ.

ನನ್ನ ತಕರಾರು ಇರೋದು ಇಲ್ಲೇ. ಯಾರಿಗೂ ಯಾಕೆ ಗೊತ್ತಾಗಲ್ಲ?

(2/7)
ಟಿಕಿ ಅನ್ನೋದು ಬಾರ್ ಡೆಕೊರೇಷನ್ನಿನ ಹೆಸರಲ್ಲ. ನ್ಯೂಜಿಲೆಂಡಿನ ಮಾವೋರಿ ಜನರ ಹಲವು ಕಥೆಗಳಲ್ಲಿ ಟಿಕಿ ಅಂದ್ರೆ ಮೊಟ್ಟಮೊದಲ ಮನುಷ್ಯ. ಮನುಷ್ಯನ ಆಕಾರದ ಕೆತ್ತನೆಗೂ ಅದೇ ಹೆಸರು. ಕತ್ತಿಗೆ ಹಾಕೋ ಪದಕ 'ಹೇ-ಟಿಕಿ'. ಪೌನಮು ಅನ್ನೋ ಹಸಿರು ಕಲ್ಲಲ್ಲಿ ಅರೆದು ಅರೆದು ಮಾಡ್ತಾರೆ, ತಲೆಮಾರಿನಿಂದ ತಲೆಮಾರಿಗೆ ಕೊಡ್ತಾರೆ. ನಮ್ಮಲ್ಲಿ ಅಜ್ಜಿಯ ಕಾಸಿನ ಸರ ಹೆಂಗೋ ಹಂಗೆ, ಅದಕ್ಕಿಂತ ಒಂದು ಕೈ ಜಾಸ್ತಿನೇ. ಯಾಕಂದ್ರೆ ಅದರಲ್ಲಿ ಹಿರಿಯರ ಮನ (ಒಂಥರಾ ಶಕ್ತಿ, ಪ್ರಭಾವ) ಇದೆ ಅನ್ನೋ ನಂಬಿಕೆ.

ಮಾರ್ಕ್ವೆಸಸ್ ದ್ವೀಪಗಳಲ್ಲಿ ಟಿಕಿ ಬೇರೆ ಥರ. ಹಿವಾ ಓವಾ ದ್ವೀಪದಲ್ಲಿ ಎರಡೂವರೆ ಮೀಟರ್ ಎತ್ತರದ ಕಲ್ಲಿನ ಟಿಕಿ ಇವತ್ತಿಗೂ ನಿಂತಿದೆ. ದೊಡ್ಡ ಗುಂಡು ಕಣ್ಣು, ಹೊಟ್ಟೆ ಮೇಲೆ ಕೈ ಅಲ್ಲಿನ ಶೈಲಿ. ಹವಾಯಿಗೆ ಹೋದ್ರೆ ಹೆಸರೇ ಬದಲು, ಅಲ್ಲಿ 'ಕಿಇ' ಅಂತಾರೆ. ಯುದ್ಧದ ದೇವರು ಕೂ ಮೂರ್ತಿಯ ಬಾಯಿ ಎಂಟರ ಅಂಕಿಯನ್ನ ಅಡ್ಡ ಮಲಗಿಸಿದ ಹಾಗೆ ಇರುತ್ತೆ. ಸಿಟ್ಟಿನ ಬಾಯಿ ಅದು, ನಗು ಅಲ್ಲ.

ನೀವು ವೀಡಿಯೊದಲ್ಲಿ ನೋಡೋ ಟಿಕಿ ಇವೆಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದ್ದು. ಮಾರ್ಕ್ವೆಸಸ್ ಕಣ್ಣು, ಹವಾಯಿ ಬಾಯಿ, ಮೇಲೊಂದಿಷ್ಟು ಕಾರ್ಟೂನ್ ಹಲ್ಲು.

ಅಂದ ಹಾಗೆ, ನೀವು ದಿನಕ್ಕೆ ನೂರು ಸಲ ಕಳಿಸೋ ಕಲ್ಲಿನ ಮುಖದ ಎಮೋಜಿ ಟಿಕಿ ಅಲ್ಲ. ಅದು ಮೋಯಿ. ರಾಪಾ ನೂಯಿ ದ್ವೀಪದ್ದು. 2024ರ ಆರಂಭದಲ್ಲಿ ಚಿಲಿಯ ಹುಡುಗರು ಬ್ರಿಟಿಷ್ ಮ್ಯೂಸಿಯಂ ಪೋಸ್ಟ್‌ಗಳ ಕೆಳಗೆ "ಮೋಯಿ ವಾಪಸ್ ಕೊಡಿ" ಅಂತ ಕಾಮೆಂಟ್ ತುಂಬಿಸಿದ್ರಲ್ಲ, ಅದೇ.

(3/7)
ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

1819ರಲ್ಲಿ ಹವಾಯಿಯ ರಾಜ ಒಂದನೇ ಕಮೆಹಮೆಹ ತೀರಿಕೊಂಡ. ಮಗ ಲಿಹೊಲಿಹೊ ಪಟ್ಟಕ್ಕೆ ಬಂದು ಹೆಂಗಸರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದ. ಅಷ್ಟೇ, ಕಪು ಅನ್ನೋ ಹಳೆ ಕಟ್ಟಳೆಯೆಲ್ಲ ಮುಗೀತು. ಗುಡಿಗಳನ್ನ ಕೆಡವಿ, ಮೂರ್ತಿಗಳನ್ನ ಸುಡೋಕೆ ಆಜ್ಞೆ ಹೋಯ್ತು. ಗಮನಿಸಿ, ಮಿಷನರಿಗಳು ಬಂದಿದ್ದು ಮಾರನೇ ವರ್ಷ. ಎಲ್ಲಾನೂ ಹೊರಗಿನವರೇ ಸುಟ್ಟರು ಅನ್ನೋ ಸುಲಭದ ಕಥೆ ಇಲ್ಲಿ ನಡೆಯಲ್ಲ.

ಕೂ ದೇವರ ದೊಡ್ಡ ಗುಡಿ ಮೂರ್ತಿಗಳಲ್ಲಿ ಇವತ್ತು ಜಗತ್ತಿನಲ್ಲಿ ಉಳಿದಿರೋದು ಮೂರು. ಒಂದು ಲಂಡನ್‌ನಲ್ಲಿ, ಒಂದು ಅಮೆರಿಕದ ಸೇಲಂನಲ್ಲಿ, ಒಂದು ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ. 2010ರಲ್ಲಿ ಮೂರನ್ನೂ ಹೊನೊಲುಲುವಿಗೆ ತಂದು ಒಟ್ಟಿಗೆ ನಿಲ್ಲಿಸಿದ್ರು. ಕೆತ್ತಿರೋ ಮರ ಯಾವ್ದು ಗೊತ್ತಾ? ಬ್ರೆಡ್‌ಫ್ರೂಟ್. ಮಂಗಳೂರು ಕಡೆಯವರೇ, ನೀವು ಮಳೆಗಾಲದಲ್ಲಿ ಪೋಡಿ ಮಾಡಿ ತಿನ್ನೋ ಜೀಗುಜ್ಜೆ!

ಇನ್ನೊಂದು, ರುರುಟು ದ್ವೀಪದ 'ಆ-ಅ'. ಸುಮಾರು ನಾಲ್ಕಡಿ ಎತ್ತರ. ದೇವರ ಮೈ ಮೇಲೆ ಕಣ್ಣು, ಮೂಗು, ಬಾಯಿ ಎಲ್ಲಾನೂ ಪುಟ್ಟ ಪುಟ್ಟ ಮನುಷ್ಯರ ಆಕಾರದಲ್ಲೇ ಕೆತ್ತಿದ್ದಾರೆ, ಒಟ್ಟು 30. ಬೆನ್ನ ಹಿಂದೆ ಮುಚ್ಚಳ, ಒಳಗೆ ಟೊಳ್ಳು. 1821ರಲ್ಲಿ ಅಲ್ಲಿನ ಜನ ಕ್ರೈಸ್ತರಾದಾಗ ತಾವೇ ತಂದು ಮಿಷನರಿಗಳ ಕೈಗೆ ಕೊಟ್ಟರು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಪಿಕಾಸೊ ಇದರ ಅಚ್ಚೊಂದನ್ನ ತನ್ನ ಸ್ಟುಡಿಯೋದಲ್ಲಿ ಇಟ್ಟುಕೊಂಡಿದ್ದ. ಬಹಳ ವರ್ಷ ಇದು ಬೇರೆ ಯಾವುದೋ ಮರ ಅಂದ್ಕೊಂಡಿದ್ರು, ಪರೀಕ್ಷೆ ಮಾಡಿದಾಗ ಗೊತ್ತಾಯ್ತು, ಗಂಧದ ಜಾತಿಯ ಮರ. ನಮ್ಮ ಶ್ರೀಗಂಧದ ದೂರದ ಅಣ್ಣತಮ್ಮ.

ಕೆತ್ತೋರಾಗಿ ಇದನ್ನ ಒಂದ್ಸಲ ಜೂಮ್ ಮಾಡಿ ನೋಡಿ. ಮೈ ಜುಂ ಅನ್ನುತ್ತೆ.

(4/7)
ಹಾಗಿದ್ರೆ ಆ ಹಲ್ಲುಕಿರಿಯೋ ಮುಖ ಬಂದಿದ್ದೆಲ್ಲಿಂದ? ಹಾಲಿವುಡ್‌ನಿಂದ.

1930ರ ದಶಕದಲ್ಲಿ ಅರ್ನೆಸ್ಟ್ ಗ್ಯಾಂಟ್ ಅನ್ನೋನು ಅಲ್ಲಿ ಒಂದು ಬಾರ್ ತೆಗೆದ. ಬಿದಿರು, ಬಲೆ, ರಮ್ಮು, ದ್ವೀಪದ ವಾತಾವರಣ. ಬಾರ್ ಎಷ್ಟು ಹಿಟ್ ಆಯ್ತು ಅಂದ್ರೆ ಅವನು ತನ್ನ ಹೆಸರನ್ನೇ ಡಾನ್ ಬೀಚ್ ಅಂತ ಬದಲಾಯಿಸಿಕೊಂಡ. ಓಕ್‌ಲೆಂಡ್‌ನ ವಿಕ್ಟರ್ ಬರ್ಗೆರಾನ್ 'ಟ್ರೇಡರ್ ವಿಕ್ಸ್' ಅಂತ ಮಾಡಿದ. ಎರಡನೇ ಮಹಾಯುದ್ಧ ಮುಗಿಸಿ ಪೆಸಿಫಿಕ್‌ನಿಂದ ವಾಪಸ್ ಬಂದ ಸೈನಿಕರು, 1947ರಲ್ಲಿ ಬಾಲ್ಸಾ ಮರದ ತೆಪ್ಪದಲ್ಲಿ ಸಾಗರ ದಾಟಿದ 'ಕಾನ್-ಟಿಕಿ' ಯಾನದ ಸುದ್ದಿ, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಗಿದ್ದು, ಎಲ್ಲಾ ಸೇರಿ ಜ್ವರ ಏರಿತು. 1963ಕ್ಕೆ ಡಿಸ್ನಿಲ್ಯಾಂಡ್‌ನಲ್ಲೇ ಟಿಕಿ ರೂಮ್. ದೇವರ ತಲೆ ಮಗ್ ಆಯ್ತು, ಅದರೊಳಗೆ ಸ್ಟ್ರಾ.

ಮೂರೇ ಮೂರು ಉಳಿದಿರೋ ಮುಖ, ಮಗ್‌ಗಳಾಗಿ ಮಾತ್ರ ಲೆಕ್ಕವಿಲ್ಲದಷ್ಟು.

(5/7)
"ಅಯ್ಯೋ, ಒಂದು ಮರದ ತುಂಡಿಗೆ ಇಷ್ಟೊಂದು ಭಾಷಣ ಬೇಕಾ" ಅಂತೀರ. ಒಂದ್ನಿಮಿಷ.

ಉಡುಪಿ ಜಿಲ್ಲೆಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಹೆಸರು ಕೇಳಿದ್ದೀರಾ? ಕೆಂಪು ಬಣ್ಣದ, ಆಳೆತ್ತರದ ಮರದ ಭೂತ ಮೂರ್ತಿಗಳು ಸಾಲಾಗಿ ನಿಂತಿರೋ ಜಾಗ. ಅಗಲ ಕಣ್ಣು, ದಪ್ಪ ಮೀಸೆ. ಅಲ್ಲಿನ ಹಳೆಯ ಕೆಲವು ಮೂರ್ತಿಗಳು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ನಾಳೆ ಯಾವುದೋ ದೇಶದಲ್ಲಿ ಒಬ್ಬ 'ಭೂತ ಬಾರ್' ತೆಗೆದು, ಪಂಜುರ್ಲಿ ಮುಖದ ಮಗ್‌ನಲ್ಲಿ ಕಾಕ್‌ಟೇಲ್ ಕೊಟ್ಟು, ಗುಳಿಗನ ಬಾಯಿಗೆ ಸ್ಟ್ರಾ ಹಾಕಿದ್ರೆ? 'ಕಾಂತಾರ' ಬಂದಮೇಲೆ ದೈವದ ವೇಷ ಹಾಕಿ ರೀಲ್ಸ್ ಮಾಡಿದವರ ಮೇಲೆ ಕರಾವಳಿಯವರು ಎಷ್ಟು ಬೇಸರ ಪಟ್ಟುಕೊಂಡ್ರು ನೆನಪಿದೆ ತಾನೆ? ಆವತ್ತು ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ "ಇದು ತಪ್ಪು" ಅಂದವರೇ ಇವತ್ತು ಟಿಕಿ ಕೇಳ್ತಿರೋದು. ಬೈತಾ ಇಲ್ಲ. ದೂರದ್ದು ಅಂದ್ರೆ ಯಾರಿಗಾದ್ರೂ ತಮಾಷೆಯಾಗೇ ಕಾಣುತ್ತೆ.

ವಿರುದ್ಧದ ವಾದವೂ ಇದೆ, ಅದರಲ್ಲಿ ಸತ್ವ ಇಲ್ಲ ಅನ್ನಲ್ಲ. ಅಮೆರಿಕದ ಟಿಕಿಗೆ ಈಗ 90 ವರ್ಷ ದಾಟಿದೆ, ಅದೇ ಒಂದು ಜಾನಪದ ಆಗಿದೆ, ಯಾವ ದೇವರನ್ನೂ ನಕಲು ಮಾಡ್ತಿಲ್ಲ ಅಂತಾರೆ. ಪಾಲಿನೇಷ್ಯಾದ ಕೆತ್ತನೆಗಾರರೂ ಪ್ರವಾಸಿಗರಿಗೆ ಅಂತ ಟಿಕಿ ಮಾಡಿ ಮಾರ್ತಾರೆ, ಅದು ಅವರ ಅನ್ನ. ನಿಜ. ಆದ್ರೆ ಅವರು ಮಾರೋದೂ ನಾವು ಮಾರೋದೂ ಒಂದೇನಾ? ಮಾವೋರಿಗಳ ರೊಟೊರುವಾದಲ್ಲಿ ಕೆತ್ತನೆ ಶಾಲೆನೇ ಇದೆ, ವರ್ಷಗಟ್ಟಲೆ ಕಲೀತಾರೆ. ಕೆತ್ತುವಾಗ ಉದುರೋ ಹೊಟ್ಟನ್ನ ಬಾಯಿಂದ ಊದಬಾರದು ಅನ್ನೋದು ಅವರ ಹಳೆ ಕಟ್ಟಳೆ. ಉಫ್ ಅಂತ ಊದೋದು ನಮ್ಮೆಲ್ಲರ ಮೊದಲ ಅಭ್ಯಾಸ, ಅಲ್ವಾ?

(6/7)
ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಟಿಕಿ ಕೆತ್ತಲೇಬೇಕು ಅನ್ನಿಸಿದ್ರೆ ಕೆತ್ತಿ, ಆದ್ರೆ ವೀಡಿಯೊ ನೋಡಿ ಅಲ್ಲ. ನ್ಯೂಜಿಲೆಂಡಿನ ಟೆ ಪಾಪಾ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ ಎರಡೂ ತಮ್ಮ ಸಂಗ್ರಹದ ಫೋಟೋಗಳನ್ನ ಆನ್‌ಲೈನ್‌ನಲ್ಲಿ ಇಟ್ಟಿವೆ, ದುಡ್ಡಿಲ್ಲ. ಒಂದೇ ದ್ವೀಪ, ಒಂದೇ ಮೂರ್ತಿ ಆರಿಸಿಕೊಳ್ಳಿ. ಮೊದಲು ಪೆನ್ಸಿಲ್‌ನಲ್ಲಿ ಬರೀರಿ. ಮಂಡಿ ಯಾಕೆ ಬಾಗಿದೆ, ತಲೆ ಯಾಕೆ ಮೈಗಿಂತ ದೊಡ್ಡದು ಅಂತ ನೋಡಿ. ಪೋಸ್ಟ್ ಹಾಕುವಾಗ ಯಾವ ದ್ವೀಪದ್ದು, ಮೂಲ ಎಲ್ಲಿದೆ ಅಂತ ಬರೀರಿ. ಮಾರಬೇಡಿ. ಕಾಲೇಜ್ ಫೆಸ್ಟ್ ಸ್ಟಾಲ್‌ನಲ್ಲಂತೂ ಬೇಡ್ವೇ ಬೇಡ.

ಇನ್ನು ಬರೀ ಕೈ ಪಳಗಲಿ ಅನ್ನೋದಾದ್ರೆ ಪೆಸಿಫಿಕ್‌ಗೆ ಯಾಕೆ ಹೋಗ್ತೀರ? ಕಟ್ಟೋ ಮನೆ ಮುಂದೆ ನೇತಾಡೋ ದೃಷ್ಟಿಬೊಂಬೆ ನೋಡಿ. ಗುಂಡು ಕಣ್ಣು, ಅಗಲ ಬಾಯಿ, ಸಾಲು ಹಲ್ಲು, ದಪ್ಪ ಹುಬ್ಬು. ಟಿಕಿ ಕಲಿಸೋ ಅಷ್ಟೂ ಪಾಠ ಅದರಲ್ಲಿದೆ, ಮೇಲೆ ಮೀಸೆ ಬೋನಸ್. ಅದು ಹುಟ್ಟಿರೋದೇ ಬೀದಿಯಲ್ಲಿ ನಿಂತು ಎಲ್ಲರ ಕಣ್ಣು ತನ್ನ ಮೇಲೆ ಬೀಳಲಿ ಅಂತ. ಅದನ್ನ ನೋಡಿ ನಕ್ಕರೆ ಯಾರಿಗೂ ನೋವಿಲ್ಲ. ಸೊಟ್ಟಗಾದ್ರೆ ಇನ್ನೂ ಒಳ್ಳೇದು, ದೃಷ್ಟಿ ಜಾಸ್ತಿ ತಗೊಳ್ಳುತ್ತೆ. ಕೀಚೈನ್ ಮಾಡಿ, ಬೈಕಿಗೆ ಕಟ್ಟಿ, ಫೆಸ್ಟ್‌ನಲ್ಲಿ ಮಾರಿ. ನಾನೇ ಎರಡು ತಗೋತೀನಿ.

(7/7)
ಮರದ ಬಗ್ಗೆ ಎಲ್ಲರೂ ಕೇಳ್ತಾರೆ, ಬೇಗ ಹೇಳಿಬಿಡ್ತೀನಿ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸೋ ಹಾಲೆ ಮರ ಬಿಳಿ, ನಯ, ಸಣ್ಣ ಎಳೆ. ತುಂಡು ಸಿಕ್ಕರೆ ಬಿಡಬೇಡಿ. ಶಿವನೆಯೂ ಒಳ್ಳೇದು, ಸಾಗರ ಸೊರಬದ ಗುಡಿಗಾರರು ಬಳಸೋ ಮರ ಅದು. ಏನೂ ಸಿಗದಿದ್ರೆ ಆನ್‌ಲೈನ್‌ನ ಬಾಸ್‌ವುಡ್. ಸಾಗುವಾನಿ ಬೇಡ, ಅದರಲ್ಲಿರೋ ಸಿಲಿಕಾ ಚಾಕುವಿನ ಮೊನೆ ತಿಂದುಹಾಕುತ್ತೆ. ತೆಂಗಿನ ಮರ ಪುಕ್ಕಟೆ ಸಿಗುತ್ತೆ ಅಂತ ಆಸೆ ಪಡಬೇಡಿ, ಹೊರಗೆ ಕಬ್ಬಿಣ, ಒಳಗೆ ನಾರು, ಸಣ್ಣ ಕೆಲಸಕ್ಕೆ ಕಿತ್ತುಕೊಂಡು ಬರುತ್ತೆ. ಶ್ರೀಗಂಧದ ತುಂಡು ಕಡಿಮೆ ರೇಟಿಗೆ ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಅಲ್ಲಿಂದ ಎದ್ದು ಹೋಗಿ, ಅರಣ್ಯ ಕಾಯ್ದೆ ತಮಾಷೆ ಅಲ್ಲ.

ಎಡಗೈಗೆ ಕಟ್-ರೆಸಿಸ್ಟೆಂಟ್ ಗ್ಲೌಸ್ ಕಡ್ಡಾಯ. ಹೆಚ್ಚು ಅಪಾಯ ಮೊಂಡು ಚಾಕುವಿಂದಲೇ, ಒತ್ತಿದಾಗ ಜಾರುತ್ತೆ. ಹಳೆ ಚರ್ಮದ ಬೆಲ್ಟ್‌ಗೆ ಪಾಲಿಶ್ ಪೇಸ್ಟ್ ಹಚ್ಚಿ ಅರ್ಧ ಗಂಟೆಗೊಮ್ಮೆ ಉಜ್ಜಿ. ಎಳೆ ಹೋಗೋ ದಿಕ್ಕಿನಲ್ಲೇ ಕೊಯ್ಯಿರಿ, ಮರ ಸಿಗಿಯೋಕೆ ಶುರುವಾದ್ರೆ ತುಂಡನ್ನ ತಿರುಗಿಸಿ ಆ ಕಡೆಯಿಂದ ಬನ್ನಿ.

ದೃಷ್ಟಿಬೊಂಬೆಗೆ ಒಂದೂವರೆ ಇಂಚು ಚೌಕದ ತುಂಡು, ನಾಲ್ಕಿಂಚು ಉದ್ದ ಸಾಕು. ಮುಖವನ್ನ ಚಪ್ಪಟೆ ಬದಿಯಲ್ಲಿ ಕೆತ್ತಬೇಡಿ, ಮೂಲೆ ಮೇಲೆ ಕೆತ್ತಿ. ಮೂಲೆಯೇ ಮೂಗು ಆಗುತ್ತೆ, ಕೆನ್ನೆ ತಾನಾಗೇ ಹಿಂದೆ ಸರಿಯುತ್ತೆ. ಮೊದಲು ಮೂಗಿನ ಕೆಳಗೆ ಅಡ್ಡ ಒಂದು ಗೀರು ಆಳಕ್ಕೆ ಹಾಕಿ, ಆಮೇಲೆ ಕೆಳಗಿಂದ ಅದಕ್ಕೆ ಕೊಯ್ದುಕೊಂಡು ಬನ್ನಿ. ನಂತರ ಹುಬ್ಬು, ಕಣ್ಣು, ಬಾಯಿ. ಹಲ್ಲಿನ ಮೇಲೆ ಒಂದಿಷ್ಟು ಮರ ದಪ್ಪಕ್ಕೆ ಬಿಟ್ಟಿರಿ, ಮೀಸೆ ಅಲ್ಲೇ ಬರೋದು. ಅದನ್ನ ಕೊನೆಗೆ ಇಟ್ಕೊಳ್ಳಿ, ಮಜಾ ಇರೋದೇ ಅದರಲ್ಲಿ. ಆದಮೇಲೆ ಟ್ಯಾಗ್ ಮಾಡಿ.

#ಮರಕೆತ್ತನೆ #ದೃಷ್ಟಿಬೊಂಬೆ #ಟಿಕಿ #ಹಾಲೆಮರ