ಸ್ಟಾರ್ಟ್ ಆಗದ ಬೈಕು

ಗಿಲ್ಲೆಸುಗೂರಿನಂಥ ಊರಿನಲ್ಲಿ ಮೋಟಾರ್ ಸೈಕಲ್ ಎಂಬುದು ಈಗ ಷೋಕಿಯ ವಸ್ತುವಲ್ಲ. ಗದ್ದೆಗೆ ಗೊಬ್ಬರ ಒಯ್ಯುವುದೂ, ರಾಯಚೂರಿನ ಪೇಟೆ, ದವಾಖಾನೆಗಳಿಗೆ ಹೋಗಿಬರುವುದೂ ಅದರ ಮೇಲೆಯೇ. ಕಳೆದ ಬೇಸಿಗೆಯಲ್ಲಿ, ಮಗಳ ಪದವಿಪೂರ್ವ ಪರೀಕ್ಷೆಯ ದಿನ ಬೆಳಿಗ್ಗೆ, ನಮ್ಮ ಬೈಕು ಸೆಲ್ಫ್ ಒತ್ತಿದೊಡನೆ ‘ಟಕ್’ ಎಂದು ಸುಮ್ಮನಾಯಿತು. ಓಣಿಯ ಹುಡುಗರು ಅಗಸಿಯವರೆಗೆ ನೂಕಿದರು, ಫಲವಿಲ್ಲ. ನೆರೆಯವರು ತಮ್ಮ ಗಾಡಿಯಲ್ಲಿ ಕರೆದೊಯ್ದುದರಿಂದ ಮಗಳ ಪರೀಕ್ಷೆ ತಪ್ಪಲಿಲ್ಲ. ಸಂಜೆ ಮೆಕ್ಯಾನಿಕರು ಬಂದು ನೋಡಿದರೆ, ಬ್ಯಾಟರಿಯ ಮೈನಸ್ ತುದಿಯ ಸ್ಕ್ರೂ ಸಡಿಲವಾಗಿ ಅದರ ಸುತ್ತ ಬಿಳಿಯ ಪುಡಿ ಕಟ್ಟಿತ್ತು. ಐದು ನಿಮಿಷದ ಕೆಲಸ! ನಮ್ಮ ಅಜ್ಞಾನಕ್ಕೆ ನಾವೇ ನಾಚಿದೆವು.

ನೂಕಿದರೂ ಅದೇಕೆ ಹತ್ತಲಿಲ್ಲ? ಹಿಂದಿನ ಹಲವು ಸಣ್ಣ ಬೈಕುಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತು ಎಂಜಿನ್ನಿನ ಮ್ಯಾಗ್ನೆಟೊದಿಂದಲೇ ಬರುತ್ತಿದ್ದುದರಿಂದ ಬ್ಯಾಟರಿ ಸತ್ತರೂ ಕಿಕ್ ಹೊಡೆದು ನಡೆಸಬಹುದಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್ ಪದ್ಧತಿಗೆ ಬಂದಿವೆ. ಪೆಟ್ರೋಲ್ ಒತ್ತುವ ಪಂಪಿಗೂ ವಿದ್ಯುತ್ತೇ ಬೇಕು. ಬ್ಯಾಟರಿ ಪೂರ್ತಿ ಸೋತರೆ ಎಷ್ಟು ನೂಕಿದರೂ ದಣಿವೇ ಲಾಭ.

ಆದುದರಿಂದ ಮೊದಲು ಕೀಲಿ ತಿರುಗಿಸಿ ದೀಪಗಳನ್ನು ನೋಡಬೇಕು. ಒಂದೂ ಹೊತ್ತದಿದ್ದರೆ ಫ್ಯೂಸ್ ಅಥವಾ ಬ್ಯಾಟರಿಯ ತುದಿಗಳನ್ನು ಸಂಶಯಿಸಬೇಕು. ಮಂದವಾಗಿ ಹೊತ್ತಿ ‘ಟಕ್ ಟಕ್’ ಸದ್ದು ಮಾತ್ರ ಬಂದರೆ ಬ್ಯಾಟರಿ ಬಡವಾಗಿದೆ, ಇಲ್ಲವೆ ನಮ್ಮದರಂತೆ ತುದಿ ಸಡಿಲವಾಗಿದೆ. ದೀಪ ಚೆನ್ನಾಗಿದ್ದು ಸದ್ದೇ ಇಲ್ಲದಿದ್ದರೆ, ಬಲಗೈಯ ಕೆಂಪು ಸ್ವಿಚ್ಚನ್ನು ಮಕ್ಕಳು ಆಡುತ್ತ ಒತ್ತಿರಬಹುದು. ಸೈಡ್ ಸ್ಟ್ಯಾಂಡ್ ಇಳಿದಿದ್ದರೂ ಈಗಿನ ಕೆಲವು ಬೈಕುಗಳು ಹತ್ತುವುದಿಲ್ಲ. ಸೆಲ್ಫ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪ್ಲಗ್ಗಿನ ಟೋಪಿಯನ್ನು ಒತ್ತಿ ಕೂರಿಸಿ ನೋಡುವುದು.

ಬಿಳಿಯ ಪುಡಿಯನ್ನು ತೆಗೆಯುವಾಗ ಕೀಲಿ ಆರಿಸಿ, ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು. ಜೋಡಿಸುವಾಗ ಅದು ಕೊನೆಗೆ. ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಬೆರೆಸಿ ಬಟ್ಟೆಯಿಂದ ಒರೆಸಿ, ಒಣಗಿಸಿ, ಬಿಗಿ ಮಾಡಿ, ಮೇಲೆ ತುಸು ವ್ಯಾಸಲೀನ್ ಹಚ್ಚಿದರೆ ಸಾಕು. ನೀರು ಹಾಕುವ ಬ್ಯಾಟರಿಯಾದರೆ ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ನೀರು ಬೇಗ ಆರುತ್ತದೆ. ಡಿಸ್ಟಿಲ್ಡ್ ನೀರಲ್ಲದೆ ಬೋರಿನ ನೀರು ಸಲ್ಲದು.

ಪೇಟೆಯಲ್ಲಿ ಮೀಟರ್ ಹಿಡಿಸಿ ನೋಡುವಾಗ ಅಂಕಿ ಕೇಳಿಕೊಳ್ಳಿರಿ. ನಿಂತ ಬೈಕಿನಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಇಳಿದರೆ ಬರಿದಾಗಿದೆ. ಎಂಜಿನ್ ತುಸು ವೇಗದಲ್ಲಿ ಓಡುವಾಗ 13.5ರಿಂದ 14.5ರ ಆಸುಪಾಸಿಗೆ ಏರದಿದ್ದರೆ ದೋಷ ಚಾರ್ಜಿಂಗಿನದು. ಇದನ್ನು ನೋಡದೆ ಹೊಸ ಬ್ಯಾಟರಿ ಕೊಂಡವರು ಕೆಲದಿನಗಳಲ್ಲೇ ಮತ್ತೆ ನೂಕುವುದನ್ನು ಕಂಡಿದ್ದೇವೆ.

ಫ್ಯೂಸ್ ಸುಟ್ಟಾಗ ತಾಮ್ರದ ಎಳೆ ಸುತ್ತುವ ಜಾಣತನ ಬೇಡ, ಬೆಂಕಿಗೆ ಅದೇ ದಾರಿ. ಅಷ್ಟೇ ಆಂಪಿಯರಿನ ಹೊಸದು ಹಾಕಿದರೂ ಮತ್ತೆ ಸುಟ್ಟರೆ ಎಲ್ಲಿಯೋ ತಂತಿ ತಾಗಿದೆ. ಭತ್ತದ ಚೀಲಗಳ ಪಕ್ಕದಲ್ಲಿ ಬೈಕು ನಿಲ್ಲಿಸುವವರು ಸೀಟು ತೆಗೆದು, ಇಲಿ ಕಡಿದ ಗುರುತಿದೆಯೇ ಎಂದು ಮೊದಲು ನೋಡಲಿ.