ಮಂಗಳದ ಕಲ್ಲಿನ ಸಾಕ್ಷ್ಯ

1984ರಲ್ಲಿ ಅಂಟಾರ್ಕ್ಟಿಕದ ಹಿಮದ ಮೇಲೆ ದೊರೆತ, ಎರಡು ಕಿಲೋಗ್ರಾಮೂ ತೂಗದ ಉಲ್ಕಾಶಿಲೆಯೊಂದು ಮಂಗಳ ಗ್ರಹದ್ದೆಂಬುದರಲ್ಲಿ ಈಗ ವಿವಾದವಿಲ್ಲ. ವಿವಾದವಿರುವುದು ಅದರೊಳಗಿನ ಗುರುತುಗಳ ವಿಷಯದಲ್ಲಿ. ಕಾರ್ಬೊನೇಟಿನ ಗುಂಡುಗಳು, ಸಾವಯವ ಸಂಯುಕ್ತಗಳು, ಮ್ಯಾಗ್ನಟೈಟಿನ ಸೂಕ್ಷ್ಮ ಹರಳುಗಳು, ಹುಳುಗಳನ್ನು ಹೋಲುವ ಆಕೃತಿಗಳು: ಬಿಡಿಬಿಡಿಯಾಗಿ ಇವಕ್ಕೆ ಬೇರೆ ಕಾರಣಗಳಿರಬಹುದಾದರೂ ಒಟ್ಟಾಗಿ ನೋಡಿದರೆ ಪುರಾತನ ಜೀವದ ಕುರುಹುಗಳೇ ಎಂದು ಡೇವಿಡ್ ಮೆಕ್ಕೇ ಮತ್ತು ಅವರ ಸಂಗಡಿಗರು 1996ರಲ್ಲಿ ವಾದಿಸಿದರು. ಈ ತರ್ಕವನ್ನು ನಾನು ಒಪ್ಪಲಾರೆ. ಸಡಿಲವಾದ ನಾಲ್ಕು ಸಾಕ್ಷ್ಯಗಳು ಕೂಡಿದ ಮಾತ್ರಕ್ಕೆ ಬಿಗಿಯಾಗುವುದೆಂತು? ಪತ್ರಿಕೆಗಳ ಕಣ್ಣು ಸೆಳೆದ ಆ ‘ಹುಳು’ಗಳಲ್ಲಿ ಹಲವು ನೂರು ನ್ಯಾನೋಮೀಟರಿಗಿಂತಲೂ ಕಿರಿದಾದವು, ಜೀವಕೋಶವೊಂದರ ಸಾಮಗ್ರಿಗೇ ಅಲ್ಲಿ ಎಡೆ ಸಾಲದು. ಹರಳುಗಳ ವಾದ ಇಷ್ಟು ದುರ್ಬಲವಲ್ಲ. ಭೂಮಿಯ ಕೆಲವು ಬ್ಯಾಕ್ಟೀರಿಯಗಳು ಅಂಥ ಹರಳುಗಳನ್ನು ತಮ್ಮೊಳಗೆ ಬೆಳೆಸಿಕೊಳ್ಳುತ್ತವೆ. ಆದರೆ ಕಬ್ಬಿಣವುಳ್ಳ ಕಾರ್ಬೊನೇಟನ್ನು ಬರಿದೆ ಕಾಯಿಸಿಯೂ ಪ್ರಯೋಗಶಾಲೆಯಲ್ಲಿ ಮ್ಯಾಗ್ನಟೈಟನ್ನು ಪಡೆದಿದ್ದಾರೆ.